ಟೀಮ್ ಯಾರ ಆಸ್ತಿಯೂ ಅಲ್ಲ

ನೆಟ್‌ವರ್ಕ್ ಮಾರ್ಕೆಟಿಂಗ್ ಹಲಾಲೋ ಹರಾಮೋ ಎಂಬ ಪ್ರಶ್ನೆ ಹಳೆಯದು. ಈಗೀಗ ಬೇರೊಂದು ಪ್ರಶ್ನೆ ನಮ್ಮ ಮನೆಗಳಲ್ಲಿ ಎದ್ದಿದೆ. "ಉಸ್ತಾದ್, ಬೇರೆ ಕಂಪನಿಯ ಟೀಮ್‌ನಲ್ಲಿ ಇರುವವರನ್ನು ನಮ್ಮ ಕಂಪನಿಗೆ ಕರೆದುಕೊಂಡರೆ ತಪ್ಪಾ?" ಅಂತ ಒಬ್ಬರು ಕೇಳುತ್ತಾರೆ. "ಎರಡು ವರ್ಷ ಓಡಾಡಿ ಕಟ್ಟಿದ ಟೀಮನ್ನು ನನ್ನ ನಾದಿನಿಯೇ ಒಡೆದು ಹಾಕಿದಳು, ಇದಕ್ಕೆ ಏನು ಹೇಳ್ತೀರಿ?" ಅಂತ ಇನ್ನೊಬ್ಬರು. ಶಾಂತಿಗ್ರಾಮ, ಹಾಸನ, ಚನ್ನರಾಯಪಟ್ಟಣದ ಕಡೆ ಬ್ಯಾರಿ ಮನೆಗಳು ದಕ್ಷಿಣ ಕನ್ನಡದಲ್ಲಿರುವಷ್ಟು ಇಲ್ಲ. ಇರುವ ಮನೆಗಳಲ್ಲಿ ಒಬ್ಬರಿಗೊಬ್ಬರು ಸಂಬಂಧಿಕರೇ ಹೆಚ್ಚು. ಹಾಗಾಗಿ ಇಲ್ಲಿ ಟೀಮ್ ಒಡೆದರೆ ಅದು ಟೀಮ್‌ಗೆ ನಿಲ್ಲೋದಿಲ್ಲ, ಮನೆಯೂ ಒಡೆಯುತ್ತದೆ.

ಈ ಧಂದೆಯ ಒಟ್ಟು ಹುಕುಮ್ ಬಗ್ಗೆ ನಾನು ಇಲ್ಲಿ ಬರೆಯುತ್ತಿಲ್ಲ. ಉಲಮಾಗಳಲ್ಲಿ ಅನೇಕರು ಇದನ್ನು ಒಪ್ಪಿಲ್ಲ, ಅದನ್ನು ನಿಮ್ಮ ಜಮಾಅತಿನ ಖತೀಬರಲ್ಲಿ ಕೇಳಿ ತಿಳಿದುಕೊಳ್ಳಿ. ಆದರೆ ಈಗಾಗಲೇ ಅದರಲ್ಲಿ ಇರುವವರು ಇದ್ದಾರಲ್ಲ, ಅವರು ಒಬ್ಬರಿಗೊಬ್ಬರು ಹೇಗೆ ನಡೆದುಕೊಳ್ಳಬೇಕು ಅನ್ನೋದು ಬೇರೆ ವಿಷಯ. ನನ್ನ ಅಭಿಪ್ರಾಯ ಇಷ್ಟೇ. ಟೀಮನ್ನು ಎಳೆದುಕೊಂಡವರೂ, "ನನ್ನ ಟೀಮ್ ಕದ್ದರು" ಅಂತ ಅಳುವವರೂ ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಮನುಷ್ಯರನ್ನು ಆಸ್ತಿ ಅಂತ ತಿಳಿದಿದ್ದಾರೆ.

ಮೊದಲು ಹೋಗುವವರ ಹಕ್ಕಿನ ಮಾತು. ಯಾರೂ ಯಾವ ಕಂಪನಿಗೂ ಜೀವಮಾನ ಬರೆದುಕೊಟ್ಟಿಲ್ಲ. ನಮ್ಮ ದೇಶದ 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಒಬ್ಬ ಮನುಷ್ಯ ನ್ಯಾಯವಾದ ಉದ್ಯೋಗ ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರಮಟ್ಟಿಗೆ ಅಸಿಂಧು. ಕರಾರು ನಡೆಯುತ್ತಿರುವಾಗ ಷರತ್ತುಗಳಿರಬಹುದು, ಅದನ್ನು ಪಾಲಿಸಬೇಕು. ಕರಾರು ಮುಗಿಸಿ ಹೊರಬಂದವನನ್ನು "ನೀನು ಬೇರೆ ಕಡೆ ಹೋಗಕೂಡದು" ಅಂತ ಕಟ್ಟಿಹಾಕಲು ಆಗೋದಿಲ್ಲ. ಒಬ್ಬ ಹೆಣ್ಣುಮಗಳು ತಾನೇ ಲೆಕ್ಕ ನೋಡಿ, ತಾನೇ ವಿಚಾರಿಸಿ ಬೇರೆ ಕಂಪನಿಗೆ ಹೋದರೆ ಅದರಲ್ಲಿ ದ್ರೋಹ ಏನೂ ಇಲ್ಲ.

ಕರೆಯುವವರ ಮಾತು ಮಾತ್ರ ಬೇರೆ. ಒಬ್ಬರ ವ್ಯಾಪಾರದ ಮೇಲೆ ಇನ್ನೊಬ್ಬರು ವ್ಯಾಪಾರ ಮಾಡಬಾರದು ಎಂಬ ಪ್ರವಾದಿಯವರ ತಾಕೀತು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಶಾಫಿಈ ಫಿಕ್ಹ್‌ನಲ್ಲಿ ಇದಕ್ಕೆ ಒಂದು ಗೆರೆ ಎಳೆದಿದ್ದಾರೆ. ಗಿರಾಕಿ ಇನ್ನೂ ನಾಲ್ಕು ಅಂಗಡಿ ಸುತ್ತುತ್ತಿದ್ದಾನೆ ಅಂದ್ರೆ ಯಾರು ಬೇಕಾದರೂ ಕರೆದು ದರ ಹೇಳಬಹುದು. ಮಾತು ಮುಗಿದು ದರ ಕುದುರಿದ ಮೇಲೆ ಹೋಗಿ "ಅದನ್ನು ಬಿಡು, ನಾನು ಕಡಿಮೆಗೆ ಕೊಡ್ತೇನೆ" ಅನ್ನಬಾರದು. ಇದರ ಜೊತೆಗೆ ಇನ್ನೊಂದು ಎಚ್ಚರಿಕೆಯೂ ಇದೆ. ಗಂಡನ ವಿರುದ್ಧ ಹೆಂಡತಿಯ ಮನಸ್ಸನ್ನು, ಯಜಮಾನನ ವಿರುದ್ಧ ಆಳಿನ ಮನಸ್ಸನ್ನು ಕೆಡಿಸುವವನು ನಮ್ಮವನಲ್ಲ ಎಂಬ ಅರ್ಥದ ಹದೀಸ್ ಅಬೂದಾವೂದ್‌ನಲ್ಲಿ ಬಂದಿದೆ. ಇದಕ್ಕೆ ತಖ್‌ಬೀಬ್ ಅನ್ನುತ್ತಾರೆ. ಗಮನಿಸಿ, ಅಲ್ಲಿ ನಿಂದಿಸಿರುವುದು ಕರೆಯುವುದನ್ನಲ್ಲ, ಕೆಡಿಸುವುದನ್ನು.

ಹೆದ್ದಾರಿ ಬದಿಯ ನಮ್ಮ ಹೋಟೆಲುಗಳನ್ನೇ ನೋಡಿ. ಪಕ್ಕದ ಹೋಟೆಲಿನ ಪರೋಟ ಮಾಸ್ಟರಿಗೆ ಹೆಚ್ಚು ಸಂಬಳ ಕೊಡುತ್ತೇನೆ ಅಂತ ನೇರವಾಗಿ ಹೇಳಿ, ಅವನು ತಿಂಗಳ ಮೊದಲೇ ಯಜಮಾನನಿಗೆ ತಿಳಿಸಿ ಬಂದರೆ ಅದು ವ್ಯಾಪಾರ. "ಆ ಸಾಹುಕಾರ ಮುಳುಗ್ತಾ ಇದ್ದಾನೆ, ನಿನ್ನ ಸಂಬಳ ಬರೋದಿಲ್ಲ" ಅಂತ ಸುಳ್ಳು ಹೇಳಿ ಶುಕ್ರವಾರ ಮಧ್ಯಾಹ್ನದ ರಶ್ಶಿನ ಹೊತ್ತಿಗೆ ಎಬ್ಬಿಸಿಕೊಂಡು ಬಂದರೆ ಅದು ಕೆಡಿಸುವುದು. ಬ್ಯಾರಿ ಎಂಬ ಹೆಸರೇ 'ಬ್ಯಾರ', ಅಂದರೆ ವ್ಯಾಪಾರ ಎಂಬ ತುಳು ಮಾತಿನಿಂದ ಬಂತು ಎನ್ನುವವರಿದ್ದಾರೆ. ಅಷ್ಟು ಹಳೆಯ ವ್ಯಾಪಾರಿಗಳಾದ ನಮಗೆ ಈ ವ್ಯತ್ಯಾಸವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ನೆಟ್‌ವರ್ಕ್ ವ್ಯಾಪಾರದಲ್ಲಿ ತೊಡಕು ಇದಕ್ಕಿಂತ ಹೆಚ್ಚು. ಪರೋಟ ಮಾಸ್ಟರ್ ಹೋದರೆ ಒಬ್ಬನೇ ಹೋಗುತ್ತಾನೆ. ಟೀಮ್ ಲೀಡರ್ ಹೋದರೆ ಹಿಂದೆ ಇಪ್ಪತ್ತು, ಮೂವತ್ತು ಮಂದಿ ಹೋಗುತ್ತಾರೆ. ಕರೆಯುವ ಕಂಪನಿಗೂ ಬೇಕಾಗಿರುವುದು ಅದೇ, ಲೀಡರ್ ಒಬ್ಬರೇ ಅಲ್ಲ. ಇದಕ್ಕಾಗಿ ಲೀಡರಿಗೆ ಒಳಗಿಂದೊಳಗೆ ವಿಶೇಷ ಹಣ, ದೊಡ್ಡ ಸ್ಥಾನ ಕೊಡುವುದುಂಟು. ಕೆಳಗಿನವರಿಗೆ ಅದನ್ನು ಹೇಳುವುದಿಲ್ಲ. "ಪ್ರಾಡಕ್ಟ್ ತುಂಬ ಒಳ್ಳೆಯದು, ಅದಕ್ಕೇ ಬಂದೆ" ಅಂತ ಹೇಳುತ್ತಾರೆ.

ಹೊರದೇಶದ ಒಂದು ಉದಾಹರಣೆ ನೋಡಿ. ಆಮ್‌ವೇ ಕಂಪನಿ ಅಮೆರಿಕದಲ್ಲಿ ಆಗ ಕ್ವಿಕ್‌ಸ್ಟಾರ್ ಎಂಬ ಹೆಸರಿನಲ್ಲಿತ್ತು. ಅಲ್ಲಿ ದೊಡ್ಡ ಟೀಮ್ ಕಟ್ಟಿದ್ದ ಆರಿನ್ ವುಡ್‌ವರ್ಡ್ ಎಂಬವರು 2007ರಲ್ಲಿ ಕಂಪನಿಯಿಂದ ಬೇರೆಯಾದರು. ಮುಂದೆ ಅವರು ಮೋನಾವೀ ಎಂಬ ಹಣ್ಣಿನ ರಸದ ಕಂಪನಿ ಸೇರಿದರು, ಅವರ ಬಳಗದ ಅನೇಕರು ಹಿಂದೆ ಹೋದರು. ಎರಡೂ ಕಡೆಯವರು ಕೋರ್ಟು ಹತ್ತಿದರು. 2011ರಲ್ಲಿ ವುಡ್‌ವರ್ಡ್ ಮತ್ತು ಜೊತೆಗಾರರು ಸ್ವಂತ ಕಂಪನಿ ಶುರುಮಾಡಿದರು. 2015ರಲ್ಲಿ ಆ ರಸದ ಕಂಪನಿ ಸಾಲ ತೀರಿಸಲಾಗದೆ ಸಾಲ ಕೊಟ್ಟವರ ಕೈಗೆ ಹೋಯಿತು. ದೊಡ್ಡವರಿಗೆ ವಕೀಲರಿದ್ದರು, ಮುಂದಿನ ದಾರಿ ಇತ್ತು. ತೀರಾ ಕೆಳಗೆ ಇದ್ದವರು ಒಂದಾದ ಮೇಲೊಂದು ಕಂಪನಿಯ ಡಬ್ಬಿ ಕೊಂಡವರು. ಅವರ ಪರವಾಗಿ ಯಾರು ಕೋರ್ಟಿಗೆ ಹೋದಾರು?

ನಮ್ಮ ಮೊಹಲ್ಲಾದ ಲೆಕ್ಕಕ್ಕೆ ತಂದು ನೋಡೋಣ. ಒಬ್ಬರ ಕೆಳಗೆ 12 ಮಂದಿ ಹೆಂಗಸರು ಇದ್ದಾರೆ ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬರ ಮನೆಯಲ್ಲಿ ಹಳೆ ಕಂಪನಿಯ ಸೋಪು, ಪೌಡರು, ಟಾನಿಕ್ ಅಂತ 6,000 ರೂಪಾಯಿಯ ಮಾಲು ಮಾರಾಟ ಆಗದೆ ಉಳಿದಿದೆ. ಒಟ್ಟು 72,000. ಲೀಡರ್ ಹೊಸ ಕಂಪನಿಗೆ ಹೋಗುತ್ತಾರೆ, ಪಾಯಿಂಟ್ ಬರಬೇಕು ಅಂತ ಒಬ್ಬೊಬ್ಬರೂ 5,000ದ ಹೊಸ ಮಾಲು ತೆಗೆದುಕೊಳ್ಳುತ್ತಾರೆ. ಅದು 60,000. ಒಂದೇ ಮೊಹಲ್ಲಾದ 12 ಮನೆಗಳಿಂದ 1,32,000 ರೂಪಾಯಿ ಹೋಗಿ ಡಬ್ಬಿಗಳಾಗಿ ಕಪಾಟಿನಲ್ಲಿ ಕೂತಿದೆ. ಆ ಹಣ ಎಲ್ಲಿಂದ ಬಂದದ್ದು? ಮಗ ಸೌದಿಯಿಂದ ಕಳಿಸಿದ್ದು, ಮಗಳ ಮದುವೆಗೆ ಅಂತ ಸಂಘದಲ್ಲಿ ಕೂಡಿಟ್ಟದ್ದು. ಟೀಮ್ ಯಾರದು ಅಂತ ಲೀಡರುಗಳು ಜಗಳ ಆಡುವಾಗ ಈ ಲೆಕ್ಕ ಕೇಳುವವರು ಯಾರೂ ಇರೋದಿಲ್ಲ.

ಕಾನೂನು ಸುಮ್ಮನೆ ಕೂತಿಲ್ಲ. ಕೇಂದ್ರ ಸರಕಾರ 2021ರ ಡಿಸೆಂಬರಿನಲ್ಲಿ ಗ್ರಾಹಕ ರಕ್ಷಣಾ (ನೇರ ಮಾರಾಟ) ನಿಯಮಗಳನ್ನು ತಂದಿದೆ. ಪಿರಮಿಡ್ ಸ್ಕೀಮಿಗೆ ಜನ ಸೇರಿಸುವುದಕ್ಕೆ ಅದರಲ್ಲಿ ನಿಷೇಧ ಇದೆ. ಮಾರುವವರು ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಮನೆಗೆ ಬರುವಂತಿಲ್ಲ. ಕಂಪನಿ ಒಪ್ಪದ ಮಾತನ್ನು ತಾವೇ ಸೇರಿಸಿ ಹೇಳುವಂತಿಲ್ಲ. ಸೇರಿದವರು ಒಂದು ಅವಧಿಯ ಒಳಗೆ ದಂಡ ಇಲ್ಲದೆ ಕರಾರು ರದ್ದು ಮಾಡಿಕೊಳ್ಳಬಹುದು. ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಇನ್ನು ಈ ಕಂಪನಿಗಳ ಜಾಗತಿಕ ಒಕ್ಕೂಟದ ನೀತಿಸಂಹಿತೆಯೇ, ಬೇರೆ ಕಂಪನಿಯ ಮಾರಾಟಗಾರರನ್ನು ಯೋಜನೆ ಹಾಕಿ ಸೆಳೆಯಬಾರದು, ಬೇರೆ ಕಂಪನಿಯನ್ನು ಅನ್ಯಾಯವಾಗಿ ಹೀಯಾಳಿಸಬಾರದು ಅನ್ನುತ್ತದೆ. ಆದರೆ ಈ ಸಂಹಿತೆ ಕಾಪಾಡುವುದು ಮುಖ್ಯವಾಗಿ ಕಂಪನಿಯನ್ನು. ಕೆಳಗಿನ 12 ಮಂದಿಯನ್ನು ಕಾಪಾಡಬೇಕಾದವರು ನಾವೇ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಬೆಂಗಳೂರಿನ ಐಎಂಎ ನೆಟ್‌ವರ್ಕ್ ಕಂಪನಿ ಆಗಿರಲಿಲ್ಲ, ಅಲ್ಲಿ ನಡೆದದ್ದು ಹೂಡಿಕೆಯ ಮೋಸ. ಆದರೆ ಹಲಾಲ್ ಎಂಬ ಒಂದು ಮಾತಿನ ಮೇಲೆ, ನೆಂಟರು ಹೇಳಿದರು, ದೊಡ್ಡವರು ಹೇಳಿದರು ಅಂತ ನಂಬಿ ಹಣ ಇಟ್ಟವರು ಎಷ್ಟು ಮಂದಿ! 2019ರ ಜೂನಿನಲ್ಲಿ ಅದರ ಮಾಲಕ ದೇಶ ಬಿಟ್ಟು ಹೋದಾಗ ಹತ್ತಾರು ಸಾವಿರ ಜನ ದೂರು ಕೊಟ್ಟರು. ಅಲ್ಲಿ ಹಣದ ಜೊತೆಗೆ ಕಳೆದುಹೋದದ್ದು ನಮ್ಮವರು ನಮ್ಮವರ ಮೇಲೆ ಇಟ್ಟ ನಂಬಿಕೆ. ಟೀಮ್ ಎಳೆಯುವ ಪೈಪೋಟಿಯಲ್ಲೂ ಬಂಡವಾಳ ಅದೇ ನಂಬಿಕೆ. ಅದು ಕಂಪನಿ ಕೊಟ್ಟದ್ದಲ್ಲ, ಉಮ್ಮಂದಿರು ತಲೆಮಾರುಗಳಿಂದ ಕೂಡಿಟ್ಟದ್ದು.

ಹಾಗಾದರೆ ಮಾಡಬೇಕಾದ್ದು ಏನು? ಬೇರೆ ಟೀಮಿನವರನ್ನು ಕರೆಯುವ ಮೊದಲು ಈ ನಾಲ್ಕು ಮಾತು ನೆನಪಿರಲಿ.

ಒಂದು, ಅವರಾಗಿ ಕೇಳಿದರೆ ಹೇಳಿ. ಹುಡುಕಿಕೊಂಡು ಹೋಗಿ ಅವರ ಈಗಿನ ಕಂಪನಿಯನ್ನಾಗಲೀ, ಅವರನ್ನು ಸೇರಿಸಿದವರನ್ನಾಗಲೀ ದೂರಬೇಡಿ. ನಿಮ್ಮ ಮಾಲು ಒಳ್ಳೆಯದಾದರೆ ಅದರ ಗುಣ ಹೇಳಿದರೆ ಸಾಕು.

ಎರಡು, ಕಂಪನಿ ಬದಲಿಸಲು ನಿಮಗೆ ಏನಾದರೂ ಸಿಕ್ಕಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಕಳೆದ ತಿಂಗಳು ಖರ್ಚು ಕಳೆದು ಕೈಗೆ ಎಷ್ಟು ಬಂತು ಅನ್ನೋದನ್ನೂ ಹೇಳಿ. ಮುಂದೆ ಬರಬಹುದಾದ್ದನ್ನು ಬಂದ ಹಾಗೆ ಹೇಳಬೇಡಿ. ಮಾಲಿನ ದೋಷ ಮುಚ್ಚಿಡುವುದು ಮೋಸ ಆದರೆ ಆದಾಯದ ಸತ್ಯ ಮುಚ್ಚಿಡುವುದೂ ಮೋಸವೇ.

ಮೂರು, ಹಳೆ ಕಂಪನಿಯಲ್ಲಿ ಇದ್ದಾಗ ಸಿಕ್ಕಿದ ಫೋನ್ ನಂಬರುಗಳ ಪಟ್ಟಿ ನಿಮ್ಮಲ್ಲಿ ಇಟ್ಟ ಅಮಾನತ್. ಅದನ್ನು ಹೊಸ ಕಂಪನಿಗೆ ಹೊತ್ತುಕೊಂಡು ಹೋಗಬೇಡಿ.

ನಾಲ್ಕು, ನಿಮ್ಮ ಮಾತು ನಂಬಿ ಮಾಲು ಕೊಂಡವರ ಲೆಕ್ಕ ಚುಕ್ತಾ ಮಾಡಿ ಆಮೇಲೆ ಹೊರಡಿ. ಹಿಂದಿರುಗಿಸಲು ಆಗುವ ಮಾಲನ್ನು ಹಿಂದಿರುಗಿಸಲು ನೀವೇ ನಿಂತು ಸಹಾಯ ಮಾಡಿ. ಆಮೇಲೆ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ವಾಟ್ಸಾಪ್ ಗುಂಪಿನಲ್ಲಿ "ನಾಳೆಯಿಂದ ನಾವೆಲ್ಲ ಹೊಸ ಕಂಪನಿ" ಅಂತ ಒಂದು ವಾಯ್ಸ್ ಮೆಸೇಜ್ ಹಾಕಿ ಮಂದೆ ಹೊಡೆದ ಹಾಗೆ ಹೊಡೆಯಬೇಡಿ.

ಟೀಮ್ ಕಳೆದುಕೊಂಡವರಿಗೂ ಒಂದು ಮಾತಿದೆ. ನೀವು ಕಷ್ಟಪಟ್ಟದ್ದು ನಿಜ. ಮೀಟಿಂಗಿಗೆ ಕರೆದುಕೊಂಡು ಹೋದದ್ದು, ಹೇಳಿಕೊಟ್ಟದ್ದು ಎಲ್ಲ ನಿಜ. ಅದಕ್ಕೆ ಅವರು ಒಂದು ಮಾತು ತಿಳಿಸಿ ಹೋಗಬೇಕಿತ್ತು, ಬಾಕಿ ಹಣ ಕೊಡಬೇಕಿತ್ತು. ಅಷ್ಟನ್ನು ಕೇಳುವ ಹಕ್ಕು ನಿಮಗಿದೆ. ಅದಕ್ಕಿಂತ ಹೆಚ್ಚಿಲ್ಲ. ನಾದಿನಿ ಬೇರೆ ಕಂಪನಿಯ ಸೋಪು ಮಾರುತ್ತಾಳೆ ಅಂತ ಪೆರ್ನಾಳಿಗೆ ಅವಳ ಮನೆ ಮೆಟ್ಟಿಲು ಹತ್ತದೆ ಇರುವುದಕ್ಕೆ ದೀನಿನಲ್ಲಿ ಜಾಗ ಇಲ್ಲ. ಸಂಬಂಧ ಮುರಿಯುವುದು ಕಮಿಷನ್ ಕಳೆದುಕೊಂಡದ್ದಕ್ಕಿಂತ ದೊಡ್ಡ ನಷ್ಟ.

ಕೊನೆಗೆ ಒಂದು ಪರೀಕ್ಷೆ. ನಿಮ್ಮ ಕಂಪನಿಯಲ್ಲಿ ಹೊಸಬರನ್ನು ಸೇರಿಸುವುದು ನಿಲ್ಲಿಸಿ, ಬರೀ ಮಾಲು ಮಾರಿ ಆರು ತಿಂಗಳು ನೋಡಿ. ಮನೆ ಖರ್ಚಿಗೆ ಏನಾದರೂ ಉಳಿದರೆ ಅದು ವ್ಯಾಪಾರ, ಬೇರೆಯವರ ಟೀಮ್ ಒಡೆಯುವ ಅಗತ್ಯವೇ ನಿಮಗಿಲ್ಲ. ಏನೂ ಉಳಿಯದಿದ್ದರೆ ನೀವು ಮಾರುತ್ತಿದ್ದದ್ದು ಸೋಪನ್ನಲ್ಲ, ನಿಮ್ಮನ್ನು ನಂಬಿದ ಜನರನ್ನು. ಅಂಥ ಕಡೆ ಟೀಮ್ ಯಾರದು ಅನ್ನುವ ಜಗಳ ಬಿಟ್ಟು, ಎಲ್ಲರೂ ಒಟ್ಟಿಗೆ ಹೊರಗೆ ಬರುವುದೇ ಒಳ್ಳೆಯದು.