ತೀವ್ರ ನಿಗಾ ಘಟಕದ ಕಡತ ಯಾರ ಸೊತ್ತು?

ತೀವ್ರ ನಿಗಾ ಘಟಕದಲ್ಲಿ ಮಲಗಿರುವ ರೋಗಿ ಮಾತನಾಡಲಾರ. ಆದರೆ ಅವನ ದೇಹ ಹಗಲಿರುಳೂ ಬರೆಯುತ್ತಿರುತ್ತದೆ. ಎದೆಬಡಿತ, ರಕ್ತದೊತ್ತಡ, ಉಸಿರಿನ ಲೆಕ್ಕ, ಗಂಟೆಗೊಮ್ಮೆ ಬದಲಾಗುವ ಔಷಧದ ಪ್ರಮಾಣ, ಹೀಗೆ ಒಂದು ವಾರದಲ್ಲಿ ಒಬ್ಬನ ಬಗ್ಗೆ ಸೇರುವ ಅಂಕಿಗಳು ಒಂದು ಗ್ರಂಥಕ್ಕಾಗುವಷ್ಟು. ರೋಗಿ ಗುಣಮುಖನಾಗಿ ಮನೆಗೆ ಹೋಗಲಿ, ಹೋಗದಿರಲಿ, ಆ ಗ್ರಂಥವನ್ನು ಮುಚ್ಚಿಡುತ್ತಾರೆ. ನಮ್ಮ ದೇಶದಲ್ಲಿ ಬಹುಮಟ್ಟಿಗೆ ಅದನ್ನು ಮತ್ತೆ ತೆರೆಯುವವರಿಲ್ಲ. ತೆರೆಯಬೇಕು, ಆದರೆ ಬಾಗಿಲಲ್ಲಿ ಕಾವಲಿರಬೇಕು ಎಂಬುದು ನನ್ನ ವಾದ.

ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ ಮತ್ತು ಎಂಐಟಿ ಸೇರಿ ‘ಮಿಮಿಕ್’ ಎಂಬ ದತ್ತಾಂಶ ಭಂಡಾರವನ್ನು ಕಟ್ಟಿವೆ. 2016ರಲ್ಲಿ ಪ್ರಕಟವಾದ ಅದರ ಮೂರನೆಯ ಆವೃತ್ತಿಯಲ್ಲಿ 2001ರಿಂದ 2012ರವರೆಗಿನ ಸುಮಾರು 40,000 ರೋಗಿಗಳ ವಿವರಗಳಿವೆ. ಹೆಸರುಗಳಿಲ್ಲ; ದಿನಾಂಕಗಳನ್ನೆಲ್ಲ ಮುಂದಿನ ಶತಮಾನಕ್ಕೆ ಸರಿಸಲಾಗಿದೆ; 89 ದಾಟಿದ ವೃದ್ಧರ ವಯಸ್ಸು 300ಕ್ಕೂ ಹೆಚ್ಚೆಂದು ಕಾಣುತ್ತದೆ. ತರಬೇತಿ ಮುಗಿಸಿ ಒಪ್ಪಂದಕ್ಕೆ ಸಹಿ ಹಾಕಿದ ಸಂಶೋಧಕರು ಅದನ್ನು ಓದಬಹುದು.

ಇಂತಹ ಭಂಡಾರಗಳ ಪ್ರಯೋಜನಕ್ಕೆ ಒಂದು ನಿದರ್ಶನ ಸಾಕು. ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಪಲ್ಸ್ ಆಕ್ಸಿಮೀಟರ್, ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕವನ್ನು ಅಂದಾಜು ಮಾಡುತ್ತದೆ. 2020ರ ಡಿಸೆಂಬರಿನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ತಮ್ಮ ದಾಖಲೆಗಳ ಜೊತೆಗೆ 178 ಆಸ್ಪತ್ರೆಗಳ ತೀವ್ರ ನಿಗಾ ದತ್ತಾಂಶವನ್ನೂ ಪರಿಶೀಲಿಸಿದರು. ಆಮ್ಲಜನಕದ ಕೊರತೆಯನ್ನು ಈ ಸಾಧನ ಗುರುತಿಸದೆ ಬಿಡುವ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಎಂದು ತೋರಿಸಿಕೊಟ್ಟರು. ಹತ್ತಾರು ವರ್ಷ ಬಳಕೆಯಲ್ಲಿದ್ದ ಸಾಧನದ ಈ ದೋಷದ ವ್ಯಾಪ್ತಿ ಸ್ಪಷ್ಟವಾದದ್ದು ಕಡತಗಳನ್ನು ಒಟ್ಟಿಗೆ ಓದಿದ್ದರಿಂದ. ನಮ್ಮ ಮೈಬಣ್ಣದ ಬಗ್ಗೆ ಅದೇ ಪ್ರಶ್ನೆಯನ್ನು ಕೇಳಬೇಕಾದರೆ ನಮ್ಮ ಕಡತಗಳೇ ಬೇಕು. ಹಾವು ಕಡಿತ, ಡೆಂಗಿ, ಕೀಟನಾಶಕ ಸೇವನೆ ಬಾಸ್ಟನ್ನಿಗೆ ಅಪರೂಪ. ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ಚಿರಪರಿಚಿತ. ಪರದೇಶದ ದೇಹಗಳಿಂದ ಪಾಠ ಕಲಿತ ಯಂತ್ರವನ್ನು ನಮ್ಮ ಹಾಸಿಗೆಗಳ ಪಕ್ಕದಲ್ಲಿಟ್ಟು ನೆಮ್ಮದಿಯಾಗಿರುವುದು ಹೇಗೆ?

ಭಯವೂ ನಿರಾಧಾರವಲ್ಲ. 1997ರಲ್ಲಿ ಲಟಾನ್ಯಾ ಸ್ವೀನಿ ಎಂಬ ಸಂಶೋಧಕಿ, ಹೆಸರು ಅಳಿಸಿದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯೊಡನೆ ಹೋಲಿಸಿ ಮಸಾಚುಸೆಟ್ಸ್ ರಾಜ್ಯದ ಗವರ್ನರರ ಕಡತವನ್ನೇ ಗುರುತಿಸಿದರು. 2020ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಮನೆಯಲ್ಲಿ ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳನ್ನು ಪ್ರಕಟಿಸಿದ್ದು ನಮಗೆ ನೆನಪಿದೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸೈಬರ್ ದಾಳಿಗೆ ತುತ್ತಾಗಿ ಮತ್ತೆ ಕಾಗದ ಲೇಖನಿಗಳ ಮೊರೆ ಹೋಯಿತು. ಸಣ್ಣ ಊರಿನಲ್ಲಂತೂ ವಯಸ್ಸು, ಕಾಯಿಲೆ, ಬಂದ ದಿನ ಇಷ್ಟು ಗೊತ್ತಾದರೆ ಹೆಸರು ಹೇಳಬೇಕಾಗಿಯೇ ಇಲ್ಲ, ಊರೇ ಹೇಳುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಏಕಮತದಿಂದ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರಿಗೆ ಹೆಮ್ಮೆ. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರಿನಲ್ಲಿ ನಿಯಮಾವಳಿ ಹೊರಬಿತ್ತು. ಸಮ್ಮತಿಯ ಕೋರಿಕೆಯನ್ನು ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದು ಕಾಯ್ದೆ ಹೇಳುತ್ತದೆ. ಹೊರನಾಡಿನಲ್ಲಿರುವ ನಮಗೆ ಇದು ಸಣ್ಣ ಮಾತಲ್ಲ. ಪುಣೆ, ಸೊಲ್ಲಾಪುರ, ಮೀರಜಿನ ಆಸ್ಪತ್ರೆಗಳಿಗೆ ವಿಜಯಪುರ, ಬೆಳಗಾವಿ ಕಡೆಯಿಂದ ಬಂದವರಿಗೆ ತಮ್ಮ ನುಡಿಯಲ್ಲಿ ಕಾಗದ ಸಿಕ್ಕರೆ ಅದೊಂದು ಘನತೆಯೇ ಸರಿ.

ಆದರೆ ರೋಗಿಗೆ ಪ್ರಜ್ಞೆಯಿಲ್ಲದಿರುವಾಗ, ನಡುರಾತ್ರಿ, ಹೊರಗೆ ಕಾದು ನಿಂತ ಮಗಳು ಹಾಕುವ ಸಹಿಯನ್ನು ಸ್ವತಂತ್ರ ಸಮ್ಮತಿ ಎನ್ನಬಹುದೇ? ಕಾಗದ ಅಚ್ಚ ಕನ್ನಡದಲ್ಲೇ ಇದ್ದರೂ ಅವಳ ಕಣ್ಣು ಬಾಗಿಲ ಮೇಲಿರುತ್ತದೆ. ಆದ್ದರಿಂದ ತೀವ್ರ ನಿಗಾ ಘಟಕದಲ್ಲಿ ರಕ್ಷಣೆಯ ಭಾರವನ್ನು ಸಹಿ ಹಾಕುವವರ ಮೇಲೆ ಹೊರಿಸದೆ, ಕಡತ ಇಟ್ಟುಕೊಂಡವರ ಮೇಲೆ ಹೊರಿಸಬೇಕು. ಕಾಯ್ದೆಯೂ ಇದಕ್ಕೆ ದಾರಿ ಬಿಟ್ಟಿದೆ: ನಿಗದಿತ ಮಾನದಂಡಗಳನ್ನು ಪಾಲಿಸುವ, ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ನಿರ್ಧಾರಕ್ಕೂ ದತ್ತಾಂಶವನ್ನು ಬಳಸದ ಸಂಶೋಧನೆಗೆ ವಿನಾಯಿತಿಯಿದೆ.

ಕಟ್ಟುನಿಟ್ಟಿನ ಕಾನೂನಿನೊಳಗೂ ಇದು ಸಾಧ್ಯವೆಂದು ಆಮ್‌ಸ್ಟರ್‌ಡ್ಯಾಮ್ ತೋರಿಸಿದೆ. ಯುರೋಪಿನ ಜಿಡಿಪಿಆರ್ 2018ರಲ್ಲಿ ಜಾರಿಗೆ ಬಂದ ಮೇಲೆಯೇ ಅಲ್ಲಿನ ವಿಶ್ವವಿದ್ಯಾಲಯ ಆಸ್ಪತ್ರೆ, 2003ರಿಂದ 2016ರವರೆಗಿನ ಸುಮಾರು 20,000 ರೋಗಿಗಳ ದತ್ತಾಂಶವನ್ನು ಸಂಶೋಧಕರಿಗೆ ತೆರೆಯಿತು. ವಯಸ್ಸು, ತೂಕಗಳನ್ನು ನಿಖರವಾಗಿ ಕೊಡದೆ ಗುಂಪುಗಳಾಗಿ ಕೊಟ್ಟರು; ಕೇಳುವವರು ತರಬೇತಿ ಪಡೆದಿರಬೇಕು, ಒಪ್ಪಂದಕ್ಕೆ ಬದ್ಧರಾಗಬೇಕು, ತಂಡದಲ್ಲಿ ತೀವ್ರ ನಿಗಾ ವೈದ್ಯರೊಬ್ಬರಿರಬೇಕು ಎಂದು ವಿಧಿಸಿದರು.

ಈ ಕೆಲಸಕ್ಕೆ ಪುಣೆ ತಕ್ಕ ಊರು. 1952ರಲ್ಲಿ ಇಲ್ಲಿ ಸ್ಥಾಪನೆಯಾದ ವೈರಸ್ ಸಂಶೋಧನಾ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನ ಜ್ವರಕ್ಕೆ ತುತ್ತಾದಾಗ ಆ ವೈರಾಣುವನ್ನು ಪತ್ತೆ ಹಚ್ಚಿದ್ದು ಇದೇ ಕೇಂದ್ರ. ಮಲೆನಾಡಿನ ಸಂಕಟದ ಉತ್ತರ ಸಿಕ್ಕಿದ್ದು, ಮಾದರಿಗಳು ಜಿಲ್ಲೆಯ ಗಡಿ ದಾಟಿ ಪ್ರಯೋಗಾಲಯ ಸೇರಿದ್ದರಿಂದ. ಸಿ-ಡ್ಯಾಕ್‌ನ ಕೇಂದ್ರ ಕಚೇರಿ, ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ದೊಡ್ಡ ಸರ್ಕಾರಿ ಆಸ್ಪತ್ರೆ ಎಲ್ಲವೂ ಒಂದೇ ನಗರದಲ್ಲಿವೆ. ಕೊರತೆಯಿರುವುದು ಯಾರು ಕೇಳಬಹುದು, ಯಾರು ಕೊಡಬೇಕು, ತಪ್ಪಾದರೆ ಯಾರು ಹೊಣೆ ಎಂದು ಬರೆದಿಟ್ಟ ವ್ಯವಸ್ಥೆಗೆ.

ಆ ವ್ಯವಸ್ಥೆ ಹೇಗಿರಬೇಕು? ಊರಿನ ಹೆಸರು, ನಿಖರ ದಿನಾಂಕ, ಜಾತಿ ಹೊರಹೋಗಕೂಡದು. ಯಾರಿಗೆ ಕೊಡಬೇಕೆಂದು ನಿರ್ಧರಿಸುವ ಸಮಿತಿಯಲ್ಲಿ ವೈದ್ಯರ ಜೊತೆ ರೋಗಿಗಳ ಕಡೆಯವರೂ ಕೂರಬೇಕು. ಅನಾಮಿಕ ರೋಗಿಯನ್ನು ಗುರುತಿಸಲು ಯತ್ನಿಸಿದವರಿಗೆ ಸ್ಪಷ್ಟ ಶಿಕ್ಷೆಯಿರಬೇಕು. ರೋಗಿ ಚೇತರಿಸಿಕೊಂಡ ಮೇಲೆ, ಇಲ್ಲವೇ ಕುಟುಂಬದ ದುಃಖ ತಿಳಿಯಾದ ಮೇಲೆ, ಅವರ ಭಾಷೆಯಲ್ಲಿ ಒಂದು ಪತ್ರ ಹೋಗಬೇಕು: ನಿಮ್ಮವರ ಹಾಸಿಗೆಯ ಅಂಕಿಗಳನ್ನು ಹೀಗೆ ಬಳಸಲಿದ್ದೇವೆ, ಬೇಡವೆನಿಸಿದರೆ ತಿಳಿಸಿ. ಬೇಡ ಎನ್ನುವವರು ಇದ್ದೇ ಇರುತ್ತಾರೆ. ಅವರ ಮಾತು ನಡೆಯಬೇಕು. ಆದರೆ ಕೇಳಿದರೆ ಕೊಡುವವರೇ ಹೆಚ್ಚು ಎಂಬುದು ನನ್ನ ನಂಬಿಕೆ. ತಮ್ಮವರನ್ನು ಅಲ್ಲಿ ಕಳೆದುಕೊಂಡವರಿಗೆ, ಮುಂದಿನ ರೋಗಿಯಾದರೂ ಉಳಿಯಲಿ ಎನ್ನುವ ಆಸೆ ಯಾರೂ ಕಲಿಸದೆಯೇ ಇರುತ್ತದೆ.