ಸತ್ತ ಈಜಿಪ್ಟಿಗೆ ಸಲಾಮು, ಬದುಕಿರುವ ಈಜಿಪ್ಟಿಗೆ?

ಜಾಗತಿಕ ವಸ್ತುಪ್ರದರ್ಶನಗಳಲ್ಲಿ ಈಜಿಪ್ಟಿನ ಮಳಿಗೆಗೆ ಜನ ಮುಗಿಬೀಳುತ್ತಾರೆ. ಚಿತ್ರಲಿಪಿ, ಶವಪೆಟ್ಟಿಗೆ, ಚಿನ್ನದ ಮುಖವಾಡ. ಐದು ಸಾವಿರ ವರ್ಷಗಳ ನಾಗರಿಕತೆಯನ್ನು ಅರ್ಧ ಗಂಟೆಯಲ್ಲಿ ನೋಡಿ ಹೊರಬರಬಹುದು. ಆದರೆ ಇಂಥ ಮಳಿಗೆಗಳನ್ನು ಮೊದಲು ಕಟ್ಟಿದವರು ಯಾರು? ಆ ನಾಡಿನ ಜೀವಂತ ಮನುಷ್ಯರಿಗೆ ಅವರು ಕೊಟ್ಟ ಸ್ಥಾನವಾದರೂ ಯಾವುದು?

1867ರ ಪ್ಯಾರಿಸ್ ಪ್ರದರ್ಶನದಲ್ಲಿ ಫ್ರೆಂಚ್ ಪುರಾತತ್ವಜ್ಞ ಮೇರಿಯೆಟ್ ಪ್ರಾಚೀನ ಈಜಿಪ್ಟಿನ ದೇವಾಲಯವೊಂದನ್ನು ಹೊಸದಾಗಿ ಕಟ್ಟಿ ನಿಲ್ಲಿಸಿದ. ಅಲ್ಲಿದ್ದ ರಾಣಿ ಅಹ್‌ಹೊತೆಪಳ ಒಡವೆಗಳನ್ನು ಕಂಡ ಫ್ರಾನ್ಸಿನ ಸಾಮ್ರಾಜ್ಞಿ ಯೂಜೀನಿ ಅವು ತನಗೆ ಬೇಕೆಂದಳು. ಈಜಿಪ್ಟಿನ ದೊರೆ ಇಸ್ಮಾಯಿಲ್ 'ಇಲ್ಲ' ಎನ್ನುವ ಹೊಣೆಯನ್ನು ಮೇರಿಯೆಟ್‌ನ ಮೇಲೆ ಹಾಕಿದ. ಆತ ಒಪ್ಪದ್ದರಿಂದ ಒಡವೆ ಉಳಿಯಿತು.

1889ರ ಹೊತ್ತಿಗೆ ಈಜಿಪ್ಟ್ ಬ್ರಿಟಿಷರ ಹಿಡಿತದಲ್ಲಿತ್ತು. ಐಫೆಲ್ ಗೋಪುರ ತಲೆಯೆತ್ತಿದ ಆ ವರ್ಷದ ಪ್ರದರ್ಶನದಲ್ಲಿ ಫ್ರೆಂಚರು 'ಕೈರೋ ಬೀದಿ'ಯನ್ನು ಕಟ್ಟಿದರು. ಕತ್ತೆಗಳನ್ನೂ ಕತ್ತೆ ಓಡಿಸುವವರನ್ನೂ ಕೈರೋದಿಂದಲೇ ತರಿಸಿದರು. 'ನಿಜವಾದ' ಕೈರೋ ಎನಿಸಲೆಂದು ಗೋಡೆಗಳನ್ನು ಬೇಕೆಂದೇ ಕೊಳಕು ಮಾಡಿದರು. ಅಲ್ಲೊಂದು ಮಸೀದಿಯೂ ಇತ್ತು. ಹೊರಗೆ ಮಾತ್ರ ಮಸೀದಿ, ಒಳಗೆ ಕುಣಿತದ ಕಾಫಿಖಾನೆ! ಸ್ಟಾಕ್‌ಹೋಮ್ ಸಮ್ಮೇಳನಕ್ಕೆ ಹೊರಟಿದ್ದ ಈಜಿಪ್ಟಿನ ವಿದ್ವಾಂಸರು ಇದನ್ನು ಕಂಡು ಅಸಹ್ಯಪಟ್ಟರು.

ಫರೋಗಳಿಗೆ ಗುಡಿ, ಅವರ ನೆಲದಲ್ಲೇ ಬಾಳುವವರಿಗೆ ಕತ್ತೆ ಮತ್ತು ಕುಣಿತ. ಈ ತಾರತಮ್ಯದ ಬೆನ್ನಿಗೇ ಇನ್ನೊಂದು ವಾದವೂ ಬರುತ್ತದೆ: ಮುಸ್ಲಿಮರಿಗೆ ಆ ಪರಂಪರೆಯ ಬೆಲೆ ಗೊತ್ತಿರಲಿಲ್ಲ, ನಾವು ಒಯ್ದದ್ದರಿಂದ ಉಳಿಯಿತು ಎಂದು. ಇದು ಅರ್ಧಸತ್ಯವೂ ಅಲ್ಲ. ಸಲಾಹುದ್ದೀನನ ಮಗ ಅಲ್-ಅಝೀಝ್ ಗೀಝಾದ ಚಿಕ್ಕ ಪಿರಮಿಡ್ಡನ್ನು ಒಡೆಯಲು ಹೊರಟು, ಎಂಟು ತಿಂಗಳು ಹೆಣಗಿ ಸೋತದ್ದು ನಿಜ. ಆದರೆ ಆ ಮೂರ್ಖತನವನ್ನು ಬರೆದಿಟ್ಟವನೂ ಮುಸ್ಲಿಮನೇ. ಬಗ್ದಾದಿನ ವೈದ್ಯ ಅಬ್ದುಲ್ ಲತೀಫ್, ಸುಮಾರು 1200ರಲ್ಲಿ, ಸ್ಫಿಂಕ್ಸ್‌ನ ಮುಖದ ಅಳತೆಯ ಹದಕ್ಕೆ ಬೆರಗಾದವನು, ನಿಧಿಯಾಸೆಗೆ ಸ್ಮಾರಕಗಳನ್ನು ಕೆಡವುವವರನ್ನು ಹಳಿದವನು. 1835ರಲ್ಲೇ ಮುಹಮ್ಮದ್ ಅಲಿ ಪುರಾತನ ವಸ್ತುಗಳ ರಫ್ತನ್ನು ನಿಷೇಧಿಸಿದ. ಆದರೆ ಅವನೇ ಕೊಡುಗೆಯಾಗಿತ್ತ ಲಕ್ಸರ್‌ನ ಸ್ತಂಭ ಮರುವರ್ಷ ಪ್ಯಾರಿಸ್ಸಿನ ಚೌಕದಲ್ಲಿ ನಿಂತಿತು. ಕೊಟ್ಟ ದೊರೆಗಳೂ ಪಡೆದ ದೊರೆಗಳೂ ಜನರನ್ನು ಕೇಳಲಿಲ್ಲ.

ನಮ್ಮವರಿಗೂ ಒಂದು ಮಾತು. 'ಫಿರ್‌ಔನನ ಸೊತ್ತು ನಮಗೇಕೆ?' ಎನ್ನುವವರಿದ್ದಾರೆ. ಕುರ್‌ಆನ್ ಖಂಡಿಸುವುದು ದೊರೆಯ ದರ್ಪವನ್ನು, ಕಲ್ಲು ಕಡಿದವನ ಬೆವರನ್ನಲ್ಲ. ಗೀಝಾದಲ್ಲಿ 1990ರಿಂದೀಚೆಗೆ ಪಿರಮಿಡ್ ಕಟ್ಟಿದ ಕೆಲಸಗಾರರ ಗೋರಿಗಳೂ ಅವರ ರೊಟ್ಟಿ ಸುಡುವ ಜಾಗಗಳೂ ಬೆಳಕಿಗೆ ಬಂದಿವೆ. ಆ ರೊಟ್ಟಿಯ ಇತಿಹಾಸ ಯಾವ ಧರ್ಮದವನಿಗೆ ಹೊರಗಿನದು?

ಕಾಲ ಬದಲಾಗಿದೆ. 2020ರ ಹೆಸರಿನಲ್ಲಿ 2021ರಲ್ಲಿ ಆರಂಭವಾದ ದುಬೈ ಪ್ರದರ್ಶನದ ತನ್ನ ಮಳಿಗೆಯಲ್ಲಿ ಈಜಿಪ್ಟ್, ತನ್ನದೇ ತಜ್ಞರು ಸಕ್ಕಾರಾದಲ್ಲಿ ಅಗೆದು ತೆಗೆದ ಶವಪೆಟ್ಟಿಗೆಯನ್ನು ಇಟ್ಟಿತು. 2025ರ ನವೆಂಬರ್‌ನಲ್ಲಿ ಗೀಝಾದ ಬೃಹತ್ ವಸ್ತುಸಂಗ್ರಹಾಲಯ ವಿಧ್ಯುಕ್ತವಾಗಿ ತೆರೆಯಿತು. ಕಾಪಾಡಲು ನಿಮಗೆ ಮನೆಯಿಲ್ಲ ಎಂಬ ಹಳೆಯ ನೆಪಕ್ಕೆ ಇನ್ನು ಜಾಗವಿಲ್ಲ. ಆದರೂ ರೊಸೆಟ್ಟಾ ಶಿಲೆ ಲಂಡನ್ನಿನಲ್ಲಿದೆ, ನೆಫರ್ತಿತಿಯ ಶಿಲ್ಪ ಬರ್ಲಿನ್ನಿನಲ್ಲಿದೆ. ಮುಂದಿನ ಪ್ರದರ್ಶನಗಳಲ್ಲಿ ಈಜಿಪ್ಟನ್ನು ಹೊಗಳಲು ಬರುವ ಯುರೋಪಿನ ಗಣ್ಯರನ್ನು ಇದನ್ನೇ ಕೇಳಬೇಕು: ನಕಲು ನಿಮ್ಮಲ್ಲಿರಲಿ, ಅಸಲು ಯಾವಾಗ ಕಳಿಸುತ್ತೀರಿ?