ವಾಲ್ಧುನಿ: ಹೊಳೆಯೋ, ಮೋರಿಯೋ?

ಕಲ್ಯಾಣದಿಂದ ಕರ್ಜತ್ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಕೂತವರಿಗೆ ಉಲ್ಹಾಸನಗರ ಹತ್ತಿರವಾದದ್ದು ಎಷ್ಟೋ ಸಲ ಮೊದಲು ಗೊತ್ತಾಗುವುದು ಮೂಗಿಗೆ. ಅದು ವಾಲ್ಧುನಿಯ ವಾಸನೆ. ಅಂಬರನಾಥದ ಆಚೆಯ ಗುಡ್ಡಗಳಲ್ಲಿ ಹುಟ್ಟಿ, ಉಲ್ಹಾಸನಗರವನ್ನು ಹಾದು, ಕಲ್ಯಾಣದ ಬಳಿ ಉಲ್ಹಾಸ್ ಅಳಿವೆಯನ್ನು ಸೇರುವ ಸಣ್ಣ ಹೊಳೆ ಇದು. ಇದರ ದಡದಲ್ಲೇ ಅಂಬರನಾಥದ ಶಿವಾಲಯವಿದೆ. ಅಲ್ಲಿನ ಶಾಸನದ ಕಾಲ 1060. ಕಟ್ಟಿಸಿದವರು ಉತ್ತರ ಕೊಂಕಣದ ಶಿಲಾಹಾರರು, ಒಂದು ಕಾಲಕ್ಕೆ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಗುಡಿಗೆ ಜಾಗ ಆರಿಸಿದವರು ಮೋರಿಯ ದಡವನ್ನು ಆರಿಸಿರಲಾರರು.

ಈಗ ಊರವರ ಬಾಯಲ್ಲಿ ಅದು ‘ನಾಲಾ’. ಬೆಂಗಳೂರಿನ ವೃಷಭಾವತಿ ‘ಕೆಂಗೇರಿ ಮೋರಿ’ ಆದದ್ದೂ ಹೀಗೆಯೇ. ಮೋರಿ ಎಂದ ಮೇಲೆ ಅದಕ್ಕೆ ಏನು ಸುರಿದರೂ ತಪ್ಪೆನಿಸುವುದಿಲ್ಲ. ಮಳೆಗಾಲ ಮುಗಿದರೆ ಗುಡ್ಡದ ನೀರು ಸೊರಗುತ್ತದೆ. ಉಳಿದ ತಿಂಗಳು ಹರಿಯುವುದು ಬಹುಪಾಲು ಬಚ್ಚಲು, ಕಾರ್ಖಾನೆ, ಜೀನ್ಸ್‌ಗೆ ಬಣ್ಣ ಹಾಕಿ ತೊಳೆಯುವ ಘಟಕಗಳ ನೀರು. ವಿಷವನ್ನು ತೆಳುವಾಗಿಸುವಷ್ಟು ಒಳ್ಳೆಯ ನೀರೇ ಅಲ್ಲಿಲ್ಲ.

2014ರ ನವೆಂಬರ್ ಕೊನೆಯಲ್ಲಿ ಟ್ಯಾಂಕರೊಂದು ಉಲ್ಹಾಸನಗರದಲ್ಲಿ ರಾಸಾಯನಿಕ ತ್ಯಾಜ್ಯವನ್ನು ಹೊಳೆಗೆ ಬಿಟ್ಟಿತು. ಎದ್ದ ಅನಿಲಕ್ಕೆ ಉಸಿರುಕಟ್ಟಿ ನೂರಾರು ಜನ ಆಸ್ಪತ್ರೆ ಸೇರಿದರು. ಮರುವರ್ಷ, ‘ವನಶಕ್ತಿ’ ಸಂಸ್ಥೆ ಹೂಡಿದ್ದ ದಾವೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಉಲ್ಹಾಸ್ ಮತ್ತು ವಾಲ್ಧುನಿಯನ್ನು ಕೆಡಿಸಿದ್ದಕ್ಕೆ ಸುಮಾರು 95 ಕೋಟಿ ರೂಪಾಯಿ ದಂಡ ವಿಧಿಸಿತು. ದಂಡ ಬಿದ್ದವರಲ್ಲಿ ನಗರಾಡಳಿತಗಳೂ ಇದ್ದವು, ಅಂದರೆ ಹೊಳೆ ಕಾಯಬೇಕಾದವರೇ. ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಉಲ್ಹಾಸ್ ನದಿಗೆ ಏನಾದರೂ ಆದರೆ ಗದ್ದಲವೇಳುತ್ತದೆ, ಏಕೆಂದರೆ ಕಲ್ಯಾಣ, ಡೊಂಬಿವಲಿಯ ನಲ್ಲಿಗಳಿಗೆ ಬರುವುದು ಅದರ ನೀರು. ಆ ನೀರನ್ನು ಎತ್ತುವುದು ವಾಲ್ಧುನಿ ಕೂಡುವ ಜಾಗಕ್ಕಿಂತ ಮೇಲೆ. ಹಾಗಾಗಿ ವಾಲ್ಧುನಿಯನ್ನು ಯಾರೂ ಕುಡಿಯುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಅಂಬರನಾಥ ಉಲ್ಹಾಸನಗರಕ್ಕೆ, ಉಲ್ಹಾಸನಗರ ಕಲ್ಯಾಣಕ್ಕೆ, ಕಲ್ಯಾಣ ಸಮುದ್ರಕ್ಕೆ ದಾಟಿಸಿ ಕೈ ತೊಳೆದುಕೊಳ್ಳುತ್ತವೆ. (ಯಾವ ನೀರಿನಲ್ಲಿ ತೊಳೆದುಕೊಳ್ಳುತ್ತವೋ!) ಆದರೆ ದಡದ ಮನೆಗಳವರು ಆ ಗಾಳಿಯನ್ನು ದಿನವೂ ಕುಡಿಯುತ್ತಾರೆ, ಜೋರು ಮಳೆ ಬಂದರೆ ಅದೇ ನೀರು ಅವರ ಹೊಸ್ತಿಲು ದಾಟುತ್ತದೆ.

ದಂಡ ಕಟ್ಟಿಸಿಕೊಂಡರೆ ಸಾಲದು. ಒಂದು ನಗರಸಭೆಯ ಗಡಿ ದಾಟಿ ಇನ್ನೊಂದಕ್ಕೆ ಹೊಳೆ ಹೋಗುವ ಪ್ರತಿ ಜಾಗದಲ್ಲೂ ನೀರನ್ನು ಅಳೆದು, ಆ ಲೆಕ್ಕವನ್ನು ದಿನವೂ ಜನರ ಮುಂದಿಡಬೇಕು. ಯಾವ ಊರಿನಲ್ಲಿ ಏನು ಸೇರಿತು ಎಂಬುದು ಆಗ ಕೋರ್ಟಿಗೆ ಹೋಗದವರಿಗೂ ತಿಳಿಯುತ್ತದೆ.